ಎರಡು ದಾರಿಯ ಸದ್ದು: ಫೇಸರ್, ಸ್ಟೀರಿಯೋ ಮತ್ತು ನಮ್ಮ ಕ್ಯಾಸೆಟ್ ಹಾಡುಗಳು

ಶಾರ್ಟ್‌ವೇವ್ ರೇಡಿಯೋ ಕೇಳಿ ಬೆಳೆದವರಿಗೆ ಒಂದು ಸದ್ದು ನೆನಪಿರುತ್ತದೆ. ರೇಡಿಯೋ ಸಿಲೋನ್ ಹಾಕಿದರೆ ಹಾಡು ಅಲೆಯ ಹಾಗೆ ಹತ್ತಿರ ಬಂದು ದೂರ ಹೋಗುತ್ತಿತ್ತು. ನಡುನಡುವೆ ದನಿ ಟೊಳ್ಳಾಗಿ, ಕೊಳವೆಯೊಳಗಿಂದ ಬಂದಂತೆ ಕೇಳುತ್ತಿತ್ತು. ಇದಕ್ಕೆ ಕಾರಣ ಆಕಾಶದಲ್ಲಿತ್ತು. ಒಂದೇ ತರಂಗ ಅಯಾನುಗೋಳಕ್ಕೆ ಬಡಿದು, ಬೇರೆ ಬೇರೆ ದಾರಿ ಹಿಡಿದು ಏರಿಯಲ್‌ಗೆ ಬಂದು ಸೇರುವಾಗ ಅದರ ಕೆಲವು ಭಾಗ ಗಟ್ಟಿಯಾಗುತ್ತದೆ, ಕೆಲವು ಭಾಗ ಅಳಿಸಿಹೋಗುತ್ತದೆ. ಜಪಾನಿನ ಎಂಜಿನಿಯರ್ ಫುಮಿಯೊ ಮಿಯೆದಾ ಮಾಸ್ಕೋ ರೇಡಿಯೋದಲ್ಲಿ ಇಂಥದೇ ಸದ್ದು ಕೇಳಿ ಅದನ್ನು ಪೆಟ್ಟಿಗೆಯೊಳಗೆ ತರಲು ಹೊರಟರು. 1960ರ ದಶಕದ ಕೊನೆಗೆ ಬಂದ ಯೂನಿ-ವೈಬ್ ಆ ಪೆಟ್ಟಿಗೆ. ಫೇಸರ್ ಎಂಬ ಉಪಕರಣದ ಕಥೆ ಅಲ್ಲಿಂದ ಶುರುವಾಗುತ್ತದೆ.

ಫೇಸರ್ ಮಾಡುವ ಕೆಲಸ ಸರಳ. ಒಳಗೆ ಬಂದ ಸದ್ದನ್ನು ಎರಡು ಪಾಲು ಮಾಡುತ್ತದೆ. ಒಂದು ಪಾಲು ಹಾಗೆಯೇ ಹೋಗುತ್ತದೆ. ಇನ್ನೊಂದರ ಅಲೆಗಳು ಸ್ವಲ್ಪ ಹಿಂದೆ ಸರಿಯುತ್ತವೆ, ಅದೂ ಒಂದೊಂದು ಸ್ವರ ಒಂದೊಂದು ಅಳತೆಯಲ್ಲಿ. ಎರಡನ್ನೂ ಮತ್ತೆ ಕೂಡಿಸಿದಾಗ ಕೆಲವು ಸ್ವರಗಳ ಜಾಗದಲ್ಲಿ ಗುಂಡಿ ಬೀಳುತ್ತದೆ. ಆ ಗುಂಡಿಗಳು ನಿಧಾನಕ್ಕೆ ಮೇಲೆ ಕೆಳಗೆ ಸರಿಯುತ್ತಾ ಇದ್ದರೆ ಸದ್ದು ತೂಗಿದಂತೆ ಕೇಳುತ್ತದೆ. 1974ರಲ್ಲಿ ಅಮೆರಿಕದ ಎಂಎಕ್ಸ್‌ಆರ್ ಕಂಪೆನಿ ತಂದ ಫೇಸ್ 90 ಇದನ್ನು ಅಂಗೈಯಗಲದ ಪೆಟ್ಟಿಗೆಗೆ ಇಳಿಸಿತು. ಆದರೆ ಅದಕ್ಕಿದ್ದದ್ದು ಒಂದೇ ಔಟ್‌ಪುಟ್.

ಎರಡು ಔಟ್‌ಪುಟ್ ಬಂದಾಗ ಆಟ ಬದಲಾಯಿತು. ಮ್ಯೂ-ಟ್ರಾನ್ ಬೈ-ಫೇಸ್‌ನಂಥ ಪೆಟ್ಟಿಗೆಯೊಳಗೆ ಎರಡು ಫೇಸರ್‌ಗಳೇ ಇದ್ದವು. ಜಮೈಕಾದ ಲೀ ಪೆರ್ರಿ ಅದನ್ನು ತಮ್ಮ ಮನೆಯ ಹಿತ್ತಲಿನ ಸ್ಟುಡಿಯೋದಲ್ಲಿ ಬಳಸಿದರು. ಎರಡು ಔಟ್‌ಪುಟ್ ತೆಗೆಯಲು ಹಲವು ವಿಧಾನಗಳಿವೆ. ಅವುಗಳಲ್ಲಿ ಎರಡನ್ನು ತಿಳಿದರೆ ಸಾಕು. ಮೊದಲನೆಯದರಲ್ಲಿ ಎಡಗಡೆಗೆ ಮೂಲ ಸದ್ದು, ಬಲಗಡೆಗೆ ಸರಿದ ಸದ್ದು. ಅವೆರಡೂ ಕೋಣೆಯ ಗಾಳಿಯಲ್ಲಿ ಸೇರುತ್ತವೆ. ಎರಡನೆಯದರಲ್ಲಿ ಎಡಗಡೆಗೆ ಮೂಲಕ್ಕೆ ಸರಿದದ್ದನ್ನು ಕೂಡಿಸಿ ಕಳಿಸುತ್ತಾರೆ, ಬಲಗಡೆಗೆ ಮೂಲದಿಂದ ಸರಿದದ್ದನ್ನು ಕಳೆದು ಕಳಿಸುತ್ತಾರೆ. ಎಡಗಡೆ ಗುಂಡಿ ಬಿದ್ದಲ್ಲಿ ಬಲಗಡೆ ದಿಬ್ಬ ಏಳುತ್ತದೆ, ಹಾಗಾಗಿ ಸದ್ದು ಕಿವಿಯಿಂದ ಕಿವಿಗೆ ಓಡಾಡುತ್ತದೆ. ಕೇಳಲು ಬಹಳ ಚಂದ. ಆದರೆ ಎಡ ಬಲ ಎರಡನ್ನೂ ಒಂದೇ ಸ್ಪೀಕರಿಗೆ ಸೇರಿಸಿದರೆ ಕೂಡಿಸಿದ್ದೂ ಕಳೆದದ್ದೂ ಹೊಡೆದುಹೋಗಿ ಬರೀ ಮೂಲ ಸದ್ದು ಉಳಿಯುತ್ತದೆ. ಫೇಸರ್ ಇತ್ತು ಅನ್ನುವುದಕ್ಕೆ ಗುರುತೂ ಇರುವುದಿಲ್ಲ.

ಈ ಲೆಕ್ಕ ನಮಗೆ ಯಾಕೆ ಬೇಕು? 1956ರವರೆಗೆ ದಕ್ಷಿಣ ಕನ್ನಡದ ತಾಲೂಕಾಗಿದ್ದ ಕಾಸರಗೋಡು 1984ರ ಮೇ 24ರಂದು ಜಿಲ್ಲೆಯಾಯಿತು. ಅದು ಕ್ಯಾಸೆಟ್ಟಿನ ಕಾಲ. ಗಲ್ಫಿನಿಂದ ಬಂದವರ ಸಾಮಾನಿನ ಜೊತೆ ಟೇಪ್ ರೆಕಾರ್ಡರ್ ಬರುತ್ತಿತ್ತು. ಮಾಪ್ಪಿಳ ಪಾಟ್, ಬ್ಯಾರಿ ಪಾಟ್, ಮದುವೆಮನೆಯ ಮೈಲಾಂಜಿ ಹಾಡು, ಉಮ್ಮ ಉಪ್ಪನಿಗೆ ಕಳಿಸುವ ಮಾತಿನ ಕಾಗದ, ಎಲ್ಲವೂ ಅದೇ ಟೇಪಿನಲ್ಲಿ. ಕ್ಯಾಸೆಟ್ಟಿನಲ್ಲಿ ಬಂದ ಹಾಡುಗಳ ಹಿಂದೆ ತೂಗುವ ಕೀಬೋರ್ಡಿನ ಸದ್ದನ್ನು ನಾನೂ ಕೇಳಿದ್ದೇನೆ. ಆದರೆ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಸ್ಪೀಕರಿನ ಯಂತ್ರ. 1963ರಲ್ಲಿ ಫಿಲಿಪ್ಸ್ ಕಂಪೆನಿ ತಂದ ಕ್ಯಾಸೆಟ್ಟಿನಲ್ಲಿ ಎಡ ಮತ್ತು ಬಲದ ಸದ್ದಿನ ಹಾದಿಗಳು ಅಕ್ಕಪಕ್ಕ ಇರುತ್ತವೆ. ಮೋನೋ ಯಂತ್ರದ ಹೆಡ್ ಎರಡರ ಮೇಲೂ ಒಟ್ಟಿಗೆ ಕೂರುತ್ತದೆ. ಒಂದೇ ಕ್ಯಾಸೆಟ್ ಎಲ್ಲ ಯಂತ್ರದಲ್ಲೂ ಹಾಡಲಿ ಎಂದು ಮಾಡಿದ ಜಾಣ ಏರ್ಪಾಡು ಇದು.

ಇದರಲ್ಲಿ ಒಂದು ತೊಡಕೂ ಇದೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಸೆಕೆಂಡಿಗೆ 10,000 ಸಲ ಕಂಪಿಸುವ ಸದ್ದಿನ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ ಒಂದು ಮಿಲಿಮೀಟರಿನ 200ರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹೆಡ್ ಕೂದಲೆಳೆಗಿಂತ ಎಷ್ಟೋ ಕಡಿಮೆ ವಾಲಿದರೂ ಎಡ ಬಲದ ಅಲೆಗಳು ಹೊಂದುವುದಿಲ್ಲ. ಎರಡನ್ನೂ ಕೂಡಿಸಿದಾಗ ಮೇಲಿನ ಸದ್ದುಗಳು ಒಂದನ್ನೊಂದು ಅಳಿಸುತ್ತವೆ. ಟೇಪು ಓಡುವಾಗ ಅಲುಗಾಡಿದರೆ ಆ ಗುಂಡಿಗಳೂ ಅಲುಗುತ್ತವೆ. ಯಾರೂ ಕೊಂಡು ತಾರದ ಫೇಸರ್ ಒಂದು ನಮ್ಮ ಟೇಪ್ ರೆಕಾರ್ಡರಿನಲ್ಲೇ ಕೂತಿತ್ತು ಎನ್ನಬೇಕು.

ಈ ನಷ್ಟ ಮೊದಲು ತಟ್ಟುವುದು ಅಕ್ಷರಕ್ಕೆ. ಸ, ಶ ಮೊದಲಾದ ಉಚ್ಚಾರಗಳು ಮೇಲಿನ ಸದ್ದಿನಲ್ಲೇ ಇರುತ್ತವೆ. ನಮ್ಮ ಹಾಡುಗಳಿಗೆ ಅಕ್ಷರವೇ ಜೀವ. ಸಾಲಿನ ಮೊದಲ ಅಕ್ಷರ ಹೊಂದಿದರೆ ಕಂಬಿ, ಎರಡನೆಯದು ಹೊಂದಿದರೆ ಕಳುತ್ತು, ಕೊನೆಯದು ಹೊಂದಿದರೆ ವಾಲ್‌ಕಂಬಿ ಎಂದು ಕವಿಗಳು ಲೆಕ್ಕವಿಟ್ಟು ಕಟ್ಟಿದ ಇಶಲ್‌ಗಳಿವು. ಕುಂಬಳೆ ಬಳಿಯ ಮೊಗ್ರಾಲಿಗೆ ಇಶಲ್ ಗ್ರಾಮ ಎಂದೇ ಹೆಸರು. ತಳಂಗರೆಯ ಕವಿ ಟಿ. ಉಬೈದ್ (1908–1972) ಈ ಹಾಡುಗಳಿಗೆ ಸಾಹಿತ್ಯದ ಸಭೆಯಲ್ಲಿ ಜಾಗ ಕೊಡಿಸಲು 1947ರಲ್ಲಿ ಕಲ್ಲಿಕೋಟೆಯ ಪರಿಷತ್ ಸಮ್ಮೇಳನದಲ್ಲಿ ಮಾತಾಡಿದರು. ಅಂಥ ಹಾಡಿನ ಅಕ್ಷರ ಹೆಡ್ಡಿನ ವಾಲುವಿಕೆಗೆ ಬಲಿಯಾಗಬಾರದು.

ಈಗ ಮನೆಮನೆಯ ಹಳೆ ಕ್ಯಾಸೆಟ್ಟುಗಳು ಕಂಪ್ಯೂಟರಿಗೆ ಏರುತ್ತಿವೆ. ಜಾಗ ಉಳಿಯಲಿ ಎಂದು ಹಲವರು ಮೋನೋ ಮಾಡಿ ಇಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಮ್ಮೆ ಕೂಡಿಸಿ ಅಳಿಸಿದ್ದನ್ನು ಮತ್ತೆ ಬೇರ್ಪಡಿಸಲು ಆಗುವುದಿಲ್ಲ. ಸ್ಟೀರಿಯೋ ಡೆಕ್ಕಿನಲ್ಲಿ ಹಾಕಿ, ಎರಡೂ ಚಾನೆಲ್ ಬೇರೆಬೇರೆಯಾಗಿಯೇ ಉಳಿಸಿ. ಅದಕ್ಕೆ ಮೊದಲು, ಕೇಳುವುದಕ್ಕಷ್ಟೇ ಮೋನೋ ಗುಂಡಿ ಒತ್ತಿ, ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಮೆಲ್ಲಗೆ ತಿರುಗಿಸಿ. ಸ, ಶ ಅತಿ ಸ್ಪಷ್ಟವಾಗಿ ಕೇಳುವ ಜಾಗ ಸಿಕ್ಕಿದಾಗ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಹೊಸದಾಗಿಯೇ ಮಾಡಬೇಕು, ಯಾಕೆಂದರೆ ಒಂದೊಂದನ್ನು ತುಂಬಿದ ಯಂತ್ರ ಒಂದೊಂದು.

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ನಮ್ಮ ಹುಡುಗ ಹುಡುಗಿಯರಿಗೂ ಒಂದು ಮಾತು. ಹಾಡುವ ದನಿಯನ್ನು ನಡುವೆ, ಯಾವ ಫೇಸರೂ ಇಲ್ಲದೆ ಇಡಿ. ಸ್ಟೀರಿಯೋ ಫೇಸರನ್ನು ಕೀಬೋರ್ಡಿಗೋ ಗಿಟಾರಿಗೋ ಹಾಕಿ, ಕಳಿಸುವ ಮೊದಲು ಮೋನೋದಲ್ಲಿ ಒಮ್ಮೆ ಕೇಳಿ. ಪರಿಣಾಮ ಮಾಯವಾದರೆ ಒಂದೇ ಔಟ್‌ಪುಟ್ ಬಳಸಿ. ನಿಮ್ಮ ಹಾಡನ್ನು ತುಂಬ ಜನ ಕೇಳುವುದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಮೊಬೈಲಿನಲ್ಲಿ. ಅಲ್ಲಿಯೂ ಪದ ಪದವೂ ತಿಳಿಯಬೇಕು.