ಕಲಬುರಗಿಯ ಸುಣ್ಣಕಲ್ಲು, ಸಿಮೆಂಟಿನ ಷೇರು

ಕಲಬುರಗಿ ನಗರವೂ ಅದರ ಈಶಾನ್ಯಕ್ಕಿರುವ ಕಮಲಾಪುರವೂ ದಖ್ಖನಿನ ಕಪ್ಪು ಬಸಾಲ್ಟ್ ಶಿಲೆಯ ಮೇಲಿವೆ. ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು, ಸುಣ್ಣಕಲ್ಲು ಅಲ್ಲಿಯದಲ್ಲ. ನಗರದಿಂದ ದಕ್ಷಿಣಕ್ಕೆ ಇಳಿದು ಶಹಾಬಾದ್ ಮುಟ್ಟುವ ಹೊತ್ತಿಗೆ ಬಸಾಲ್ಟ್ ಸರಿದು ಭೀಮಾ ಪ್ರದೇಶದ ಸುಣ್ಣಕಲ್ಲು ಕಾಣಿಸಿಕೊಳ್ಳುತ್ತದೆ. ಪದರು ಪದರಾಗಿ ಕೂತ ಈ ಕಲ್ಲನ್ನು ಎಬ್ಬಿಸಿದರೆ ನೆಲಕ್ಕೆ ಹಾಸುವ ಫರಸಿ. ಜೇಡಿ ಬೆರೆಸಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ಜಿಪ್ಸಂ ಕೂಡಿಸಿ ಬೀಸಿದರೆ ಸಿಮೆಂಟು.

ಒಂದು ಟನ್ ಸಿಮೆಂಟಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕಾಗುವುದರಿಂದ ಕಾರ್ಖಾನೆ ಗಣಿಯ ಮಗ್ಗುಲಲ್ಲೇ ಇರಬೇಕು. ಕಲ್ಲಿದ್ದಲು ಮಾತ್ರ ದೂರದಿಂದ ಬರಬೇಕು, ತಯಾರಾದ ಸಿಮೆಂಟು ದೂರಕ್ಕೆ ಹೋಗಬೇಕು. ಮುಂಬಯಿಯಿಂದ ಬಂದ ರೈಲು ಹಳಿ 1871ರಲ್ಲಿ ರಾಯಚೂರು ತಲುಪಿತು. 1874ರಲ್ಲಿ ವಾಡಿ–ಸಿಕಂದರಾಬಾದ್ ಮಾರ್ಗ ತೆರೆಯಿತು. ನಿಜಾಮರ ಆಳ್ವಿಕೆಯ ಈ ಸೀಮೆಯಲ್ಲಿ 1920ರ ದಶಕದಲ್ಲಿ ಟಾಟಾ ಸಮೂಹದ ಶಹಾಬಾದ್ ಸಿಮೆಂಟ್ ಕಂಪನಿ ತಲೆಯೆತ್ತಲು ಗಣಿಯಷ್ಟೇ ಹಳಿಯೂ ಕಾರಣ.

ಹಣ ಹೂಡಿದವರಿಗೆ ಆ ದಶಕ ಕಷ್ಟದ್ದು. ಮೊದಲ ಮಹಾಯುದ್ಧದಲ್ಲಿ ವಿದೇಶಿ ಸಿಮೆಂಟು ಬರುವುದು ಕಡಿಮೆಯಾಗಿ, ದೇಶದ ಕಾರ್ಖಾನೆಗಳು ಒಳ್ಳೆಯ ಲಾಭ ಕಂಡಿದ್ದವು. ಅದನ್ನು ನೋಡಿ ಹೊಸ ಕಂಪನಿಗಳು ಹುಟ್ಟಿಕೊಂಡವು. ಬೇಡಿಕೆಗಿಂತ ಉತ್ಪಾದನಾ ಶಕ್ತಿ ಹೆಚ್ಚಾಗಿ, ಮಾರಾಟದ ಬೆಲೆ ತಯಾರಿಕೆಯ ಖರ್ಚಿಗಿಂತ ಕೆಳಗಿಳಿಯಿತು. 1925ರಲ್ಲಿ ವಿಚಾರಣೆ ನಡೆಸಿದ ಸುಂಕ ಮಂಡಳಿ, ಆಮದಿಗಿಂತ ಒಳಗಿನ ಪೈಪೋಟಿಯೇ ನಷ್ಟದ ಮೂಲವೆಂದು ಗುರುತಿಸಿತು. ಗಣಿಯಲ್ಲಿ ಎಷ್ಟು ವರ್ಷದ ಕಲ್ಲಿದೆ ಎಂಬ ಲೆಕ್ಕವೊಂದರಿಂದಲೇ ಷೇರಿನ ಬೆಲೆ ತೂಗಲಾಗದು ಎಂಬುದು ಆಗ ಸ್ಪಷ್ಟವಾಯಿತು. 1930ರಲ್ಲಿ ಸಿಮೆಂಟ್ ಮಾರ್ಕೆಟಿಂಗ್ ಕಂಪನಿ ಮಾರಾಟವನ್ನು ಒಂದೆಡೆ ತಂದಿತು; 1936ರಲ್ಲಿ ಟಾಟಾ, ಖಟಾವ್, ಕಿಲಿಕ್ ನಿಕ್ಸನ್, ಎಫ್.ಇ. ದಿನ್‌ಶಾ ಸಮೂಹಗಳ ಕಂಪನಿಗಳು ಸೇರಿ ಎಸಿಸಿ ಆದಾಗ ಶಹಾಬಾದೂ ಅದರೊಳಗೆ ಬಂತು.

ಸ್ವಾತಂತ್ರ್ಯಾನಂತರ ಬೆಲೆ ಕಟ್ಟುತ್ತಿದ್ದದ್ದು ಸರ್ಕಾರ. 1982ರಲ್ಲಿ ನಿಯಂತ್ರಣ ಭಾಗಶಃ ಸಡಿಲಿ, 1989ರಲ್ಲಿ ಪೂರ್ತಿ ಹೋಯಿತು. ಆ ದಶಕದಲ್ಲೇ ಮಳಖೇಡ, ಸೇಡಂಗಳಲ್ಲಿ ದೊಡ್ಡ ಕಾರ್ಖಾನೆಗಳು ಎದ್ದವು. ಕಲ್ಲನ್ನು ನೀರಿನಲ್ಲಿ ಕಲಸಿ ಸುಡುವ ಹಳೆಯ ಪದ್ಧತಿಯಲ್ಲಿ ಆ ನೀರನ್ನು ಆರಿಸಲೂ ಕಲ್ಲಿದ್ದಲು ಸುಡಬೇಕು. ಒಣ ಪದ್ಧತಿಯಲ್ಲಿ ಆ ಖರ್ಚಿಲ್ಲ. ಹೀಗೆ ಒಂದೇ ಸುಣ್ಣಕಲ್ಲಿನ ಸೀಮೆಯಲ್ಲಿ ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ನಿಂತುಹೋಯಿತು, ಕೆಲವೇ ಮೈಲಿ ಆಚೆಯ ವಾಡಿ ಬೆಳೆಯಿತು.