ಎರಡನೆಯ ತಟ್ಟು: ಹೈ ಫೈವ್ ಮೂಲದ ಚರ್ಚೆಯಲ್ಲಿ ಕಡೆಗಣಿಸಲಾದ ಒಂದು ಸಾಕ್ಷ್ಯ

ಹೈ ಫೈವ್ ಮೊದಲು ಕಂಡದ್ದು 1977ರ ಅಕ್ಟೋಬರ್ 2ರಂದು, ಲಾಸ್ ಏಂಜಲೀಸಿನ ಡಾಡ್ಜರ್ ಕ್ರೀಡಾಂಗಣದಲ್ಲಿ ಎಂಬ ಮಾತನ್ನು ಎರಡು ಪಂಗಡದವರು ಎರಡು ದಿಕ್ಕಿಗೆ ಎಳೆಯುತ್ತ ಬಂದಿದ್ದಾರೆ. ಒಂದು ಪಂಗಡ ಅದನ್ನು ಪವಾಡ ಮಾಡುತ್ತದೆ: ಒಬ್ಬ ಕೈ ಎತ್ತಿದ, ಇನ್ನೊಬ್ಬ ತಟ್ಟಿದ, ಜಗತ್ತು ಕಲಿಯಿತು. ಇನ್ನೊಂದು ಪಂಗಡ, ಅಂಗೈಗೆ ಅಂಗೈ ತಟ್ಟುವಂಥ ಸಹಜ ಕ್ರಿಯೆಗೆ ಮೂಲ ಹುಡುಕುವುದೇ ವ್ಯರ್ಥ ಎಂದು ಕಡತ ಮುಚ್ಚುತ್ತದೆ. ಎರಡೂ ಪಂಗಡಗಳು ಮಾಡಿರುವ ತಪ್ಪು ಒಂದೇ. ಆ ದಿನ ಕೈಗಳು ಕೂಡಿದ್ದು ಎರಡು ಸಲ. ಎಲ್ಲರೂ ಓದಿರುವುದು ಮೊದಲನೆಯದನ್ನು ಮಾತ್ರ.

ಘಟನೆ ಪರಿಚಿತವಾದುದರಿಂದ ವಾದಕ್ಕೆ ಬೇಕಾದಷ್ಟನ್ನೇ ಹೇಳುತ್ತೇನೆ. ಆರನೆಯ ಇನಿಂಗ್ಸ್‌ನಲ್ಲಿ ಹ್ಯೂಸ್ಟನ್ ತಂಡದ ಜೆ. ಆರ್. ರಿಚರ್ಡ್ ಎಸೆದ ಚೆಂಡಿಗೆ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಡಸ್ಟಿ ಬೇಕರ್ ಆ ಋತುವಿನ ತನ್ನ 30ನೆಯ ಹೋಮ್ ರನ್ ಹೊಡೆದರು. ಸ್ಟೀವ್ ಗಾರ್ವಿ, ರೆಜಿ ಸ್ಮಿತ್, ರಾನ್ ಸೇ ಆಗಲೇ ಮೂವತ್ತು ಮುಟ್ಟಿದ್ದರು. ಒಂದೇ ತಂಡದ ನಾಲ್ವರು ಒಂದೇ ಋತುವಿನಲ್ಲಿ ಮೂವತ್ತು ಮುಟ್ಟಿದ್ದು ಅದೇ ಮೊದಲು. ಮುಂದಿನ ಸರದಿಯ ಬ್ಯಾಟುಗಾರ ಗ್ಲೆನ್ ಬರ್ಕ್ ಕೈಯನ್ನು ತಲೆಗಿಂತ ಎತ್ತರಕ್ಕೆ ಚಾಚಿ ಹೋಮ್ ಪ್ಲೇಟಿನ ಬಳಿ ನಿಂತಿದ್ದರು. ಬೇಕರ್ ಆ ಕೈಯನ್ನು ತಟ್ಟಿದರು. ಅನಂತರ ಬರ್ಕ್ ಬ್ಯಾಟು ಹಿಡಿದು ತಾನೂ ಒಂದು ಹೋಮ್ ರನ್ ಹೊಡೆದರು. ಅದು ಅವರ ವೃತ್ತಿಜೀವನದ ಮೊದಲ ಹೋಮ್ ರನ್, ಇಡೀ ವೃತ್ತಿಜೀವನಕ್ಕೆ ಸಿಕ್ಕ ಎರಡರಲ್ಲಿ ಒಂದು. ಅವರು ಡಗ್‌ಔಟಿಗೆ ಮರಳಿದಾಗ ಬೇಕರ್ ಕೈ ಎತ್ತಿ ಅದೇ ರೀತಿ ಎದುರುಗೊಂಡರು.

ಈ ಕೊನೆಯ ವಾಕ್ಯವನ್ನು ಈವರೆಗಿನ ಬರಹಗಾರರು ಕಥೆಗೆ ದಕ್ಕಿದ ಸೊಗಸೆಂದು ಬಗೆದು ಮುಂದೆ ಸಾಗಿದ್ದಾರೆ. 2011ರಲ್ಲಿ ಇಎಸ್‌ಪಿಎನ್ ನಿಯತಕಾಲಿಕೆಯಲ್ಲಿ ಜಾನ್ ಮೂಆಲೆಮ್ ಬರೆದ ಲೇಖನ ಈ ವಿಷಯದಲ್ಲಿ ಬಂದಿರುವ ಅತ್ಯುತ್ತಮ ಬರಹ; ಅದರ ಋಣ ನನ್ನ ಮೇಲೂ ಇದೆ. ಆದರೆ ಅಲ್ಲಿಯೂ ಪ್ರಶ್ನೆ 'ಮೊದಲಿಗರು ಯಾರು' ಎಂಬುದೇ ಆಗಿರುವುದರಿಂದ ಎರಡನೆಯ ತಟ್ಟಿಗೆ ಸಾಕ್ಷ್ಯದ ಸ್ಥಾನ ಸಿಗಲಿಲ್ಲ. ನನ್ನ ವಾದ ಇದಕ್ಕೆ ವಿರುದ್ಧವಾದುದು. ಮೊದಲನೆಯ ತಟ್ಟು ಆಕಸ್ಮಿಕವಾಗಿರಬಹುದು. ಎರಡನೆಯದು ಹಾಗಿರಲು ಸಾಧ್ಯವಿಲ್ಲ. ಒಬ್ಬ ಉತ್ಸಾಹದಲ್ಲಿ ಕೈ ಮೇಲೆತ್ತಿದ್ದು ಅವನ ದೇಹದ ಚಲನೆ ಅಷ್ಟೆ. ಅದನ್ನು ತಟ್ಟಿಸಿಕೊಂಡವನಿಗೆ, ಅವನೂ ಅಂಥದೇ ಸಾಧನೆ ಮಾಡಿ ಬಂದಾಗ, ತಟ್ಟಿದವನು ಅದನ್ನೇ ಹಿಂದಿರುಗಿಸಿದರೆ ಅಲ್ಲಿ ಒಂದು ಸಂಕೇತ ಏರ್ಪಟ್ಟಿದೆ. ಯಾವ ಸಂದರ್ಭಕ್ಕೆ, ಯಾರು ಯಾರಿಗೆ, ಯಾವ ಎತ್ತರದಲ್ಲಿ ಎಂಬ ಮೂರೂ ನಿಯಮಗಳು ಆ ಎರಡನೆಯ ಸಲದಲ್ಲಿ ಖಚಿತವಾಗಿವೆ. ಸಂಪ್ರದಾಯದ ಇತಿಹಾಸ ಬರೆಯುವವನಿಗೆ ಬೇಕಾದದ್ದು ಈ ಪುನರಾವೃತ್ತಿ.

ಇದೆಲ್ಲ ನೆನಪಿನ ಮಾತಲ್ಲವೇ ಎಂಬ ಆಕ್ಷೇಪ ಬರುತ್ತದೆ. ನಿಜ, ಕೈಗಳ ವಿಷಯದಲ್ಲಿ ನಮಗಿರುವುದು ಆಟಗಾರರ ಹೇಳಿಕೆ. ಆದರೆ ನೆನಪಿನ ಮಾತನ್ನೂ ಪರೀಕ್ಷಿಸುವ ದಾರಿಗಳಿವೆ. ಪಂದ್ಯದ ಅಂಕಪಟ್ಟಿಯನ್ನು ನೋಡಿದರೆ ಬೇಕರ್ ಹಿಂದೆಯೇ ಬರ್ಕ್ ಹೋಮ್ ರನ್ ಹೊಡೆದದ್ದು ಕಾಣುತ್ತದೆ. ಅಂದರೆ ಬೇಕರ್ ಸುತ್ತು ಮುಗಿಸಿ ಬಂದಾಗ ಎದುರುಗೊಳ್ಳಬೇಕಾದ ಜಾಗದಲ್ಲಿದ್ದವರು, ಬೇಸ್‌ಬಾಲಿನ ರೂಢಿಯ ಪ್ರಕಾರ, ಬರ್ಕ್ ಅವರೇ. (ಹೋಮ್ ರನ್ ಹೊಡೆದವನನ್ನು ಸರದಿ ಕಾಯುವ ಬ್ಯಾಟುಗಾರ ಪ್ಲೇಟಿನ ಬಳಿ ಎದುರುಗೊಳ್ಳುವುದು ಆ ಆಟದ ಹಳೆಯ ಪದ್ಧತಿ. ಇದನ್ನು ಅರಿಯದೆ 'ಬರ್ಕ್ ಅಲ್ಲೇಕೆ ಇದ್ದರು' ಎಂದು ಕೇಳುವವರಿಗೆ ಉತ್ತರ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.) ಅಂಕಪಟ್ಟಿ ಕೈಯ ಎತ್ತರವನ್ನು ಹೇಳದು, ವ್ಯಕ್ತಿ, ಸ್ಥಳ, ಕ್ರಮ ಮೂರನ್ನೂ ಹೇಳುತ್ತದೆ, ಆ ಮೂರೂ ನೆನಪಿನೊಂದಿಗೆ ಹೊಂದುತ್ತವೆ.

ಇನ್ನು ಸಾಕ್ಷಿಯ ಸ್ವಭಾವ. ಬೇಕರ್ ತನಗೆ ಕೊಟ್ಟುಕೊಂಡಿರುವ ಪಾತ್ರ ತೀರ ಚಿಕ್ಕದು. ಬರ್ಕ್ ದೇಹವನ್ನು ಹಿಂದಕ್ಕೆ ಬಾಗಿಸಿ ಕೈ ಎತ್ತಿ ನಿಂತಿದ್ದರು, ಏನು ಮಾಡಬೇಕೆಂದು ತೋಚದೆ ತಟ್ಟಿದೆ, ಅದೇ ಸರಿಯೆನಿಸಿತು ಎಂಬ ಅರ್ಥದಲ್ಲಿ ಅವರು ಹೇಳುತ್ತ ಬಂದಿದ್ದಾರೆ. ಕೀರ್ತಿಗಾಗಿ ಕಥೆ ಕಟ್ಟುವವನು ತಾನು ಗಲಿಬಿಲಿಗೊಂಡೆನೆಂದು ಹೇಳಿ ಶ್ರೇಯಸ್ಸನ್ನು ಸಹ ಆಟಗಾರನಿಗೆ ಬಿಟ್ಟುಕೊಡುವುದು ಅಪರೂಪ. ಸ್ವಹಿತಕ್ಕೆ ವಿರುದ್ಧವಾದ ಸಾಕ್ಷ್ಯಕ್ಕೆ ಶಾಸನ ಓದುವವರು ಎಷ್ಟು ಬೆಲೆ ಕೊಡುತ್ತಾರೋ ನಾನೂ ಅಷ್ಟೇ ಕೊಡುತ್ತೇನೆ.

ತೋಚದೇ ಇದ್ದರೂ ಬೇಕರ್ ತಟ್ಟಿದ್ದೇಕೆ? ಕೈ ಕುಲುಕಬಹುದಿತ್ತು, ಅಪ್ಪಿಕೊಳ್ಳಬಹುದಿತ್ತು. ಇಲ್ಲಿಯೇ ಪವಾಡವಾದಿಗಳ ಓದು ಕುಸಿಯುತ್ತದೆ. ಇಬ್ಬರೂ ಆಫ್ರಿಕನ್ ಅಮೆರಿಕನ್ನರು. ಆ ಸಮುದಾಯದಲ್ಲಿ ಸೊಂಟದ ಮಟ್ಟದಲ್ಲಿ ಅಂಗೈ ಚಾಚಿ ತಟ್ಟಿಸಿಕೊಳ್ಳುವ ಪದ್ಧತಿ ಹಳೆಯದು. ಕ್ಯಾಬ್ ಕ್ಯಾಲೊವೇ 1938ರಲ್ಲಿ ಪ್ರಕಟಿಸಿದ ಜಾಝ್ ಮಂದಿಯ ಪುಟ್ಟ ನಿಘಂಟಿನಲ್ಲೇ 'ಗಿಮ್ಮಿ ಸಮ್ ಸ್ಕಿನ್' ಇದೆ. ಅದಕ್ಕಿಂತ ಮುಖ್ಯವಾದುದು ಬೆಂಜಮಿನ್ ಕುಕ್ 1972ರಲ್ಲಿ ಪ್ರಕಟಿಸಿದ ವರ್ಗೀಕರಣ. ಒಪ್ಪಿಗೆಗೆ ಒಂದು ಬಗೆಯ ತಟ್ಟು, ಮೆಚ್ಚುಗೆಗೆ ಇನ್ನೊಂದು, ಭೇಟಿಗೆ ಒಂದು, ಬೀಳ್ಕೊಡುಗೆಗೆ ಒಂದು ಎಂದು ಅವರು ಬಿಡಿಸಿಟ್ಟಿದ್ದಾರೆ. ಹೈ ಫೈವ್ ಕುರಿತ ಬರಹಗಳಲ್ಲಿ ಈ ಹೆಸರು ಕಾಣುವುದೇ ವಿರಳ. ಇದು ಕ್ಷಮಿಸಲಾಗದ ಉದಾಸೀನ. 1977ಕ್ಕೆ ಐದು ವರ್ಷ ಮೊದಲೇ ಅಚ್ಚಾದ ಈ ಪಟ್ಟಿಯಲ್ಲಿ ತಟ್ಟಿನ ಅರ್ಥವ್ಯವಸ್ಥೆ ಪೂರ್ತಿ ಸಿದ್ಧವಿದೆ. ಬರ್ಕ್ ಬದಲಿಸಿದ್ದು ಎತ್ತರವನ್ನು. ಬೇಕರ್‌ಗೆ ಉತ್ತರ ತಟ್ಟನೆ ಹೊಳೆದದ್ದು ಆ ವ್ಯವಸ್ಥೆ ಇಬ್ಬರಿಗೂ ಬಾಲ್ಯದಿಂದ ಗೊತ್ತಿದ್ದುದರಿಂದ ಎಂದು ನಾನು ತಿಳಿಯುತ್ತೇನೆ.

'ನಮ್ಮಲ್ಲೂ ಇದೆಯಲ್ಲ' ಎನ್ನುವವರಿಗೂ ಇಲ್ಲಿಯೇ ಉತ್ತರ ಸಿಗುತ್ತದೆ. ಹರಟೆಕಟ್ಟೆಯಲ್ಲಿ ಒಬ್ಬ ಚಟಾಕಿ ಹಾರಿಸಿದರೆ ಪಕ್ಕದವನು 'ಕೊಡು ಕೈ' ಎಂದು ಅಂಗೈ ತಟ್ಟುತ್ತಾನೆ. ಕುಳಿತಲ್ಲೇ ಮಾತಿಗೆ ಸಲ್ಲುವ ಮೆಚ್ಚುಗೆ ಅದು. ಏನನ್ನೋ ಸಾಧಿಸಿ ಮರಳಿದವನ ಸ್ವಾಗತವಲ್ಲ, ತಲೆಯ ಮೇಲಕ್ಕೆ ಏರುವುದೂ ಇಲ್ಲ. ಹೋಲಿಕೆ ಇದ್ದಲ್ಲೆಲ್ಲ ಸಂಬಂಧ ಕಲ್ಪಿಸುವ ಚಾಳಿಯಿಂದ ನಮ್ಮ ಸಂಶೋಧನೆಗೆ ಆಗಿರುವ ಹಾನಿ ಈಗಾಗಲೇ ಸಾಕಷ್ಟಿದೆ.

ಲೂಯಿವಿಲ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ಹಕ್ಕನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1978–79ರ ಋತುವಿನ ಅಭ್ಯಾಸದಲ್ಲಿ ವೈಲಿ ಬ್ರೌನ್ ಎಂದಿನಂತೆ ಕೆಳಗೆ ಅಂಗೈ ಚಾಚಿದಾಗ ಡೆರೆಕ್ ಸ್ಮಿತ್ ಬೇಡ, ಮೇಲೆ ಎಂದರಂತೆ. ಜಿಗಿದು ಬುಟ್ಟಿಯ ಬಳೆಯ ಮೇಲಿಂದ ಚೆಂಡು ತುರುಕುವುದಕ್ಕೆ ಹೆಸರಾದ ತಂಡ ಅದು. ಕೈ ತಟ್ಟುವುದಕ್ಕೆ ಮಾತ್ರ ಏಕೆ ಬಗ್ಗಬೇಕು ಎಂದು ಅವರಿಗೆ ಅನಿಸಿದ್ದು ಸಹಜವೇ. ಡಾಡ್ಜರ್ಸ್ ಕಡೆಯಿಂದ ಅವರು ಕಲಿತರೆಂಬುದಕ್ಕೆ ಆಧಾರ ಬೇಕಾಗಿಲ್ಲ. ತಳಹದಿ ಒಂದೇ ಆಗಿರುವಾಗ ಮೇಲಿನ ಹೆಜ್ಜೆಯನ್ನು ಇಬ್ಬರು ಬೇರೆಬೇರೆಯಾಗಿ ಇಡಬಲ್ಲರು. 1980ರಲ್ಲಿ ಲೂಯಿವಿಲ್ ರಾಷ್ಟ್ರೀಯ ಚಾಂಪಿಯನ್ ಆದಾಗ ಟಿವಿಯ ಮೂಲಕ ಈ ಸನ್ನೆ ಮನೆಮನೆಗೆ ಹೋಯಿತು. ಪ್ರಸಾರದ ಶ್ರೇಯಸ್ಸು ಅವರದು. ಕಾಲಾನುಕ್ರಮದಲ್ಲಿ ಮಾತ್ರ ಅವರು ಒಂದು ವರ್ಷ ಹಿಂದೆ. ಮ್ಯಾಜಿಕ್ ಜಾನ್ಸನ್ ತಮ್ಮ ಮಿಷಿಗನ್ ಸ್ಟೇಟ್ ದಿನಗಳನ್ನು ಮುಂದೊಡ್ಡಿರುವುದು ಇದೇ ಕಾಲದ ಮಾತು. ಪ್ರತ್ಯೇಕ ಚರ್ಚೆ ಅನಗತ್ಯ.

ಚರ್ಚೆಯನ್ನು ವರ್ಷಗಟ್ಟಲೆ ಕಲಕಿದ್ದು ಒಂದು ಸುಳ್ಳು. ಕೆಂಟಕಿಯ ಒಬ್ಬ ಹಳೆಯ ಬಾಸ್ಕೆಟ್‌ಬಾಲ್ ಆಟಗಾರ ಇದನ್ನು ಬಾಲ್ಯದಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ತಂದೆಯ ಗೆಳೆಯರಿಂದ ಕಲಿತನೆಂದು ಹೈ ಫೈವ್ ದಿನಾಚರಣೆ ನಡೆಸುವವರು ಕಥೆ ಹಬ್ಬಿಸಿದರು. ಅದು ಕಟ್ಟುಕಥೆಯೆಂದು ಅವರಿಂದಲೇ ಒಪ್ಪಿಸಿದ್ದು ಮೂಆಲೆಮ್. ವಿಯೆಟ್ನಾಮಿನಲ್ಲಿ ಕಪ್ಪು ಸೈನಿಕರು 'ಡ್ಯಾಪ್' ಎಂಬ ಸಂಕೀರ್ಣ ಹಸ್ತಲಾಘವವನ್ನು ಬೆಳೆಸಿದ್ದರು, ಅದು ಅವರ ಒಗ್ಗಟ್ಟಿನ ಗುರುತಾಗಿತ್ತು. ಆ ನಿಜವಾದ ಇತಿಹಾಸದ ನೆರಳಿನಲ್ಲಿ ಸುಳ್ಳನ್ನು ನಿಲ್ಲಿಸಿ, ಬದುಕಿದ್ದ ಒಬ್ಬ ಮನುಷ್ಯನ ಹೆಸರನ್ನು ಅದಕ್ಕೆ ಬಳಸಿಕೊಂಡದ್ದನ್ನು ತಮಾಷೆ ಎಂದು ಕರೆಯಲು ನಾನು ಸಿದ್ಧನಿಲ್ಲ.

ಉಳಿದಿರುವುದು 1982ರ ಆಕರ. ಆ ವರ್ಷ 'ಇನ್‌ಸೈಡ್ ಸ್ಪೋರ್ಟ್ಸ್' ಪತ್ರಿಕೆಯಲ್ಲಿ ಮೈಕೆಲ್ ಜೆ. ಸ್ಮಿತ್ ಬರೆದ ಲೇಖನದ ಮೂಲಕ ಬರ್ಕ್ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದರು. ಮದುವೆಯಾದರೆ ಮಧುಚಂದ್ರಕ್ಕೆ 75,000 ಡಾಲರ್ ಕೊಡುವುದಾಗಿ ಡಾಡ್ಜರ್ಸ್ ಆಡಳಿತ ಆಮಿಷ ಒಡ್ಡಿತ್ತೆಂದು ಬರ್ಕ್ ಹೇಳುತ್ತಿದ್ದರು. 1978ರ ಮೇ ತಿಂಗಳಲ್ಲಿ ತಂಡ ಅವರನ್ನು ಓಕ್ಲೆಂಡಿಗೆ ಸಾಗಹಾಕಿತ್ತು. ಕ್ರೀಡಾ ಇತಿಹಾಸಕಾರರು ಈ ಲೇಖನವನ್ನು 'ಖಾಸಗಿ ಬದುಕು' ಎಂಬ ಕಪಾಟಿನಲ್ಲಿಟ್ಟು, ಹೈ ಫೈವ್ ವಿಷಯಕ್ಕೆ ದಶಕಗಳ ನಂತರದ ಸಂದರ್ಶನಗಳನ್ನು ತೆರೆಯುತ್ತಾರೆ. ಇದು ತಲೆಕೆಳಗಾದ ಕ್ರಮ. ಸ್ಮಿತ್ ಲೇಖನದಲ್ಲಿ ಹೈ ಫೈವ್ ಇದೆ, ಬರ್ಕ್ ಬಿಟ್ಟುಹೋದ ಕೊಡುಗೆಯಾಗಿಯೇ ಇದೆ. ಸ್ಮಿತ್ ಸಲಿಂಗಿಗಳ ಹಕ್ಕಿಗಾಗಿ ದುಡಿದವರು, ಬರ್ಕ್ ಪಕ್ಷಪಾತಿ, ಸರಿ. ಪಕ್ಷಪಾತಿಯ ಬರಹವೆಂದು ಆಸ್ಥಾನಕವಿಗಳ ಪ್ರಶಸ್ತಿಯನ್ನು ನಾವು ಎಸೆಯುತ್ತೇವೆಯೇ? ಅಚ್ಚಾದದ್ದು ಘಟನೆ ನಡೆದ ಐದೇ ವರ್ಷಕ್ಕೆ, ಬೇಕರ್ ಇನ್ನೂ ಅದೇ ಡಾಡ್ಜರ್ಸ್ ಪರ ಆಡುತ್ತಿದ್ದಾಗ. ಸುಳ್ಳಾಗಿದ್ದರೆ ಅಲ್ಲಗಳೆಯಲು ಇದ್ದವರಿಗೆ ಕೊರತೆ ಇರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಸ್ಟ್ರೊ ಬೀದಿಗಳಲ್ಲಿ ಬರ್ಕ್ ಎದುರಾದವರಿಗೆಲ್ಲ ಕೈ ಎತ್ತಿ ತಟ್ಟುತ್ತಿದ್ದುದನ್ನೂ, ಅಲ್ಲಿನವರಿಗೆ ಅದು ಅಭಿಮಾನದ ಗುರುತಾದದ್ದನ್ನೂ ಈ ಆಕರದ ಬೆಳಕಿನಲ್ಲೇ ಓದಬೇಕು. ಏಡ್ಸ್ ಸಂಬಂಧಿತ ಕಾಯಿಲೆಯಿಂದ ಅವರು 1995ರ ಮೇ 30ರಂದು ತೀರಿಕೊಂಡರು. ಡಾಡ್ಜರ್ಸ್ ತಮ್ಮ ಕ್ರೀಡಾಂಗಣದಲ್ಲಿ ಅವರನ್ನು ಸ್ಮರಿಸಿ ಗೌರವಿಸಿದ್ದು 2022ರ ಜೂನ್‌ನಲ್ಲಿ. ಬೇಸ್‌ಬಾಲ್ ಗ್ರಂಥಗಳಲ್ಲಿ ಅಕ್ಟೋಬರ್ 2ರ ನಮೂದು ಇಂದಿಗೂ ಬೇಕರ್ ಅವರ 30ನೆಯ ಹೋಮ್ ರನ್ನಿನ ಅಡಿಯಲ್ಲಿಯೇ ಬರುತ್ತದೆ. ಸನ್ನೆಯ ಇತಿಹಾಸಕ್ಕೆ ಅದನ್ನು ಬಳಸುವವರು ಅದರ ಹಿಂದೆಯೇ ಬಂದ ಬರ್ಕ್ ಹೋಮ್ ರನ್ನಿನ ಅಡಿಯಲ್ಲಿ ದಾಖಲಿಸುವುದು ಸರಿಯಾದ ಕ್ರಮ.