ಬಾಲಚರ: ನಿಘಂಟಿನಲ್ಲೇ ಉಳಿದ ಒಂದು ಪದ

ಸ್ಕೌಟ್ ಎಂಬ ಮಾತಿಗೆ ಕನ್ನಡದಲ್ಲಿ ‘ಬಾಲಚರ’ ಎಂಬ ಸಮಾನಪದವಿದ್ದು, ಶಿಸ್ತು, ಸೇವೆ ಮತ್ತು ಬಯಲುವಾಸಗಳ ತರಬೇತಿ ಪಡೆಯುವ ಹುಡುಗ ಎಂಬುದು ಅದರ ಅರ್ಥ. ಪದ ನಿಘಂಟಿನಲ್ಲಿ ಸುಖವಾಗಿದೆ, ಶಾಲೆಯ ಅಂಗಳದಲ್ಲಿ ಮಾತ್ರ ಅದರ ಸುಳಿವಿಲ್ಲ. ಬಾಗಲಕೋಟೆಯಿಂದ ಇಳಕಲ್ಲಿನವರೆಗೆ, ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಎಡಗೈ ಕುಲುಕುವ ಮಕ್ಕಳನ್ನು ಮಾಸ್ತರರೂ ತಂದೆತಾಯಿಗಳೂ ‘ಸ್ಕೌಟಿನವರು’ ಎಂದೇ ಕರೆಯುತ್ತಾರೆ. ಅಚ್ಚುಕಟ್ಟಾದ ಈ ಪದ ಬಳಕೆಗೆ ಬಾರದೆ ಹೋದುದಕ್ಕೆ ಕಾರಣವನ್ನು ಅದರ ಎರಡನೆಯ ಅರ್ಧದಲ್ಲಿ ಹುಡುಕಬೇಕು.

‘ಚರ್’ ಎಂಬ ಸಂಸ್ಕೃತ ಧಾತುವಿಗೆ ಚಲಿಸು, ನಡೆ ಎಂಬ ಅರ್ಥವಿದ್ದು, ಜಲಚರ, ಸಹಚರ, ನಿಶಾಚರ ಇತ್ಯಾದಿ ಪದಗಳೂ ತಹಶೀಲ್ದಾರ ಕಚೇರಿಯ ಕಾಗದಗಳಲ್ಲಿ ಕಾಣುವ ‘ಚರಾಸ್ತಿ’ಯೂ ಅದರ ಸಂತಾನವೇ. (ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ನುಂಗಿ, ಜನರನ್ನು ನವನಗರಕ್ಕೆ ಎಬ್ಬಿಸಿದಾಗ ಸ್ಥಿರಾಸ್ತಿಯೂ ಚರವಾಗಬಲ್ಲುದೆಂದು ಊರಿಗೆ ಗೊತ್ತಾಯಿತು.) ಆದರೆ ರಾಜನೀತಿಯ ಗ್ರಂಥಗಳಲ್ಲಿ ‘ಚರ’ ಎಂದರೆ ಅರಸನ ಪರವಾಗಿ ಅಲೆದು ಸುದ್ದಿ ತರುವ ಗೂಢಚಾರ. ಬಾದಾಮಿಯ ಮೊದಲನೆಯ ಗುಹೆಯ ಬಾಗಿಲಲ್ಲಿ, ದ್ವಾರಪಾಲಕನ ಕೆಳಗೆ, ಒಂದೇ ತಲೆಯನ್ನು ಹಂಚಿಕೊಂಡ ಆನೆ ಮತ್ತು ಎತ್ತಿನ ಶಿಲ್ಪವೊಂದಿದೆ. ಒಂದು ಮಗ್ಗುಲನ್ನು ಅಂಗೈಯಿಂದ ಮುಚ್ಚಿದರೆ ಆನೆ, ಇನ್ನೊಂದನ್ನು ಮುಚ್ಚಿದರೆ ಎತ್ತು. ‘ಚರ’ ಎಂಬ ಪದವೂ ಅಂಥದೇ: ಒಂದು ಬದಿಯಿಂದ ನೋಡಿದರೆ ನಡೆಯುವವನು, ಇನ್ನೊಂದು ಬದಿಯಿಂದ ನೋಡಿದರೆ ಹೊಂಚುವವನು.

ಇಂಗ್ಲಿಷಿನ ಸ್ಕೌಟಿಗೂ ಈ ಎರಡನೆಯ ಮೈ ಇದೆ. ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1899ರಲ್ಲಿ ಪ್ರಕಟಿಸಿದ ಕೈಪಿಡಿ ಶತ್ರುವಿನ ಚಲನವಲನ ಅರಿಯಬೇಕಾದ ಸೈನಿಕರಿಗಾಗಿ ಬರೆದದ್ದು. 1907ರ ಬ್ರೌನ್‌ಸೀ ದ್ವೀಪದ ಶಿಬಿರದಲ್ಲಿ ಅದೇ ವಿದ್ಯೆ ಹುಡುಗರ ಆಟವಾಯಿತಾದರೂ, 1915ರಲ್ಲಿ ಅವನು ತನ್ನ ಗೂಢಚರ್ಯೆಯ ಸಾಹಸಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಇನ್ನೂ ಹಿಂದಕ್ಕೆ ಹೋದರೆ, ಸ್ಕೌಟ್ ಎಂಬುದು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್‌ನ ‘ಆಲಿಸು’ ಎಂಬ ಕ್ರಿಯಾಪದಕ್ಕೆ ಮುಟ್ಟುತ್ತದೆ. ಸ್ಪ್ಯಾನಿಷ್‌ನಲ್ಲಿ ಇಂದಿಗೂ ಆಲಿಸುವುದಕ್ಕೆ ಬಳಸುವ ‘ಎಸ್ಕುಚಾರ್’ ಎಂಬ ಮಾತು ಅದೇ ಬೇರಿನದು, ಕತಲಾನ್ ನುಡಿಯ ‘ಎಸ್ಕೊಲ್ತಾರ್’ ಕೂಡ ಅದರದೇ ಕವಲು. ಸ್ಪ್ಯಾನಿಷ್ ನುಡಿಯವರು ಈ ಚಳವಳಿಯನ್ನು ‘ಎಸ್ಕುಲ್ತಿಸ್ಮೊ’ ಎನ್ನುವಾಗ ಇಂಗ್ಲಿಷ್ ಪದವನ್ನು ಸಾಲ ತಂದಂತೆಯೂ ಆಯಿತು, ತಮ್ಮದೇ ಒಡವೆಯನ್ನು ಬಿಡಿಸಿಕೊಂಡಂತೆಯೂ ಆಯಿತು. 1909ರಲ್ಲಿ ಬೇಡನ್ ಪೊವೆಲ್ ಸ್ಯಾಂಟಿಯಾಗೊದಲ್ಲಿ ಉಪನ್ಯಾಸ ಕೊಟ್ಟ ಮೇಲೆ ಹುಟ್ಟಿದ ಚಿಲಿಯ ಸಂಘ ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡಿತು. 1912ರಲ್ಲಿ ಸ್ಪೇನಿನ ಸಂಘ ‘ಎಕ್ಸ್‌ಪ್ಲೊರಾಡೊರೆಸ್’, ಅಂದರೆ ಅನ್ವೇಷಕರು, ಎಂಬ ಅನುವಾದಕ್ಕೆ ಒಲಿಯಿತು. ಬೆಂಗಳೂರಿನಲ್ಲಿ ಭಾರತದ ಮೊದಲ ದಳ ಕಟ್ಟಿದ್ದೂ 1909ರಲ್ಲೇ, ಆದರೆ ಆಗ ಅದರೊಳಗೆ ಭಾರತೀಯ ಹುಡುಗರಿಗೆ ಪ್ರವೇಶವಿರಲಿಲ್ಲ. ಅನುವಾದಿಸಬೇಕೆಂದರೆ ಕನ್ನಡಕ್ಕೆ ತನ್ನದೇ ಆದ ‘ಬೇಹು’ ಎಂಬ ಪದವಿತ್ತು ನಿಜ. ಮಗನನ್ನು ಬೇಹುಗಾರನನ್ನಾಗಿ ಮಾಡಲು ಶಾಲೆಗೆ ಕಳಿಸುವ ತಂದೆ ಮಾತ್ರ ಯಾವ ಊರಿನಲ್ಲೂ ಸಿಗಲಾರ.

ಮಲಪ್ರಭೆ ಮತ್ತು ಕೃಷ್ಣೆಯ ಈ ಸೀಮೆಯಲ್ಲಾದರೂ ‘ಬಾಲಚರ’ ಬದುಕಬಹುದಿತ್ತು, ಏಕೆಂದರೆ ಇಲ್ಲಿ ‘ಚರ’ ಅನುಮಾನದ ಪದವಲ್ಲ, ಗೌರವದ ಪದ. ಒಂದೇ ಕಡೆ ಗದ್ದುಗೆಯಲ್ಲಿ ಕೂಡುವವರು ಪಟ್ಟದ ಸ್ವಾಮಿಗಳಾದರೆ, ಊರೂರು ತಿರುಗುವವರು ಚರಮೂರ್ತಿಗಳು. ‘ಚರಂತಿಮಠ’ ಎಂಬುದು ಬಾಗಲಕೋಟೆಯಲ್ಲಿ ಮಠದ ಹೆಸರೂ ಹೌದು, ಮನೆತನದ ಅಡ್ಡಹೆಸರೂ ಹೌದು. ಸ್ಥಾವರಕ್ಕಿಂತ ಜಂಗಮ ಮೇಲೆಂಬ ವಿಚಾರಕ್ಕೆ ಆಶ್ರಯವಾದ ಕೂಡಲಸಂಗಮ ಹುನಗುಂದದ ನೆಲದಲ್ಲಿದೆ. 1975ರಲ್ಲಿ ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಹೊರಟಾಗ ಜೋಳವನ್ನಾಗಲಿ ಹಣವನ್ನಾಗಲಿ ಬೇಡಲಿಲ್ಲ, ಕುಡಿತ ಮತ್ತು ತಂಬಾಕಿನಂಥ ಚಟಗಳನ್ನು ಅದಕ್ಕೆ ಹಾಕಿಬಿಡಿ ಎಂದು ಬೇಡಿದರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ನಡೆಯುವುದು, ಮನೆಯ ಬಾಗಿಲಲ್ಲಿ ನಿಂತು ಆಲಿಸುವುದು, ಸೇವೆ ಎಂಬ ಮೂರೂ ಅಲ್ಲಿ ಒಂದಾಗಿದ್ದುದರಿಂದ, ‘ಚರ’ವನ್ನು ವಿವರಿಸಲು ಈ ಭಾಗದ ಮಾಸ್ತರರು ಬೇಡನ್ ಪೊವೆಲನವರೆಗೆ ಹೋಗಬೇಕಾಗಿಯೇ ಇರಲಿಲ್ಲ.

ಪದ ಸೋತದ್ದು ಬಹುಶಃ ಹುಡುಗಿಯರ ವಿಷಯದಲ್ಲಿ. ಅವರ ವಿಭಾಗಕ್ಕೆ ‘ಗೈಡ್’ ಎಂಬ ಹೆಸರನ್ನು ಬೇಡನ್ ಪೊವೆಲ್ ಆರಿಸಿದ್ದು 1846ರಲ್ಲಿ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ಎಂಬ ಸೈನ್ಯದಳದಿಂದ. ಹೀಗೆ ಗಡಿಯ ಸಿಪಾಯಿಗಳ ಹೆಸರು ಇಂಗ್ಲೆಂಡನ್ನು ಸುತ್ತಿಕೊಂಡು ಶಾಲೆಯ ಹೆಣ್ಣುಮಕ್ಕಳ ಹೆಸರಾಗಿ ಮರಳಿತು. ಬಾದಾಮಿಯ ಹುಡುಗಿಗೆ ಗೈಡ್ ಎಂದರೆ ಮೊದಲು ನೆನಪಾಗುವವನು ಗುಹೆ ತೋರಿಸುವವನು, ಆಮೇಲೆ ಪರೀಕ್ಷೆಯ ಹಿಂದಿನ ವಾರ ಅಂಗಡಿಯಲ್ಲಿ ಕೊಳ್ಳುವ ಪ್ರಶ್ನೋತ್ತರದ ಪುಸ್ತಕ, ಕೊನೆಗೆ ತಾನು. ಸ್ಪ್ಯಾನಿಷ್‌ನ ‘ಗಿಯಾ’ ಕೂಡ ದಾರಿ ತೋರುವವರಿಗೂ ಕೈಪಿಡಿಗೂ ಸಲ್ಲುತ್ತದೆ, ಹೆಣ್ಣಿಗೂ ಗಂಡಿಗೂ ಒಂದೇ ರೂಪದಲ್ಲಿ ನಿಲ್ಲುತ್ತದೆ. 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರೂಪುಗೊಂಡು, ಮರುವರ್ಷ ಗೈಡ್ಸ್ ಸಂಘವೂ ಅದರಲ್ಲಿ ಸೇರಿದ ಮೇಲೆ ಹುಡುಗ ಹುಡುಗಿಯರ ಹೆಸರುಗಳು ಜೊತೆಜೊತೆಗೇ ಬರಬೇಕಾಯಿತು. ಬಾಲಚರನ ಜೊತೆಗೆ ನಿಲ್ಲಬೇಕಾದ ಹುಡುಗಿಗೆ ಕನ್ನಡ ಇನ್ನೂ ಹೆಸರಿಟ್ಟಿಲ್ಲ.